ಅರಳಿಗೆ ಎರಡನೇ ಮದುವೆ

ಗಿಡ ತಂದದ್ದು ಬಣ್ಣದ ಡಬ್ಬದಲ್ಲೋ ಎಣ್ಣೆಯ ಡಬ್ಬದಲ್ಲೋ, ನನಗೀಗ ಖಚಿತವಿಲ್ಲ. ತಿಂಗಳು ಆಷಾಢ ಎಂದು ನೆನಪು ಹೇಳುತ್ತದೆ. ಆದರೆ ಆಷಾಢದಲ್ಲಿ ನಮ್ಮೂರಲ್ಲಿ ಮರಗಳಿಗೂ ಮದುವೆ ಮಾಡುವುದಿಲ್ಲ, ಹಾಗಾಗಿ ಶ್ರಾವಣವೇ ಇರಬೇಕು. ನಾನು ಹಿಂದೂಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಲು ಸೇರಿದ ಹೊಸತು, ಎರಡು ಸಾವಿರದ ಐದರ ಆಚೀಚೆ. ಇಂಥವುಗಳಲ್ಲಿ ತಪ್ಪಿರಬಹುದು. ಸೋದರತ್ತೆಯ ಕೈ ಮಣ್ಣಾಗಿತ್ತು ಎಂಬುದರಲ್ಲಿ ತಪ್ಪಿಲ್ಲ.

ಪರಿಗಿ ಹತ್ತಿರದ ನಮ್ಮೂರಿನ ಕಟ್ಟೆಯ ಮೇಲೆ ಅರಳಿ, ಬೇವು ಜೋಡಿಯಾಗಿದ್ದವು. ಅರಳಿ ನಾರಾಯಣ, ಬೇವು ಲಕ್ಷ್ಮಿ. ಯಾವ ಕಾಲದಲ್ಲೋ ಅವಕ್ಕೆ ಮದುವೆ ಮಾಡಿದ್ದರು. ಕಟ್ಟೆಗೆ ಸಿಮೆಂಟು ಹಾಕಿಸಿದ ಮೇಲೆ ಬೇವು ಒಣಗಿತು. ಸಿಮೆಂಟಿನಿಂದಲೇ ಒಣಗಿತು ಎಂದು ಆಗ ಎಲ್ಲರಿಗೂ ಹೇಳುತ್ತಿದ್ದೆ. ಮರಕ್ಕೆ ವಯಸ್ಸೂ ಆಗಿತ್ತು. ಅದೇ ಸಿಮೆಂಟಿನಲ್ಲಿ ಅರಳಿ ಚೆನ್ನಾಗಿಯೇ ಇತ್ತು.

ಕಟ್ಟೆಯ ಮರವನ್ನು ಒಲೆಗೆ ಹಾಕುವಂತಿಲ್ಲ. ಬಿದ್ದ ಬೇವು ಬಿದ್ದಲ್ಲೇ ಕೊಳೆಯಿತು. ಮಳೆಗೆ ಅಣಬೆ ಎದ್ದವು, ತೊಗಟೆಯಡಿ ಹುಳು ಸೇರಿದವು, ಹುಳುವಿಗಾಗಿ ಮರಕುಟಿಗ ಬಂತು. ಕೆಲವು ವರ್ಷಗಳಲ್ಲಿ ಬುಡ ಹಿಡಿದರೆ ಪುಡಿಯಾಗುವಂತಾಯಿತು.

ಕಟ್ಟೆಯ ಉಸ್ತುವಾರಿ ನಮ್ಮ ದೊಡ್ಡಪ್ಪನದು. "ನಾರಾಯಣ ಒಂಟಿ ಇರಬಾರ್ದು. ಇನ್ನೊಂದು ಬೇವು ತಂದು ಮದುವೆ ಮಾಡಾನ," ಎಂದರು.

"ಲಕ್ಷ್ಮಿ ಎಲ್ಲಾದ್ರೂ ಸಾಯ್ತಾಳೇನಣ್ಣ?" ಅಂದಳು ಅತ್ತೆ.

"ಮರ ಸಾಯ್ತದೆ ಕಣಮ್ಮ. ಲಕ್ಷ್ಮಿ ಬೇರೆ ಮರಕ್ಕೆ ಹೋಯ್ತಾಳೆ."

"ಹಂಗಾದ್ರೆ ಆ ಮರ ನಾನು ತತ್ತೀನಿ."

ಅತ್ತೆ ದೊಡ್ಡಪ್ಪನ ತಂಗಿ. ಕಲ್ಯಾಣದುರ್ಗದ ಕಡೆ, ಬೆಳುಗುಪ್ಪದ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ವಾಪಸಾದವಳು. ಆಗ ಅವಳಿಗೆ ಇಪ್ಪತ್ತು ದಾಟಿತ್ತೋ ಇಲ್ಲವೋ. ಇನ್ನೊಂದು ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಕಟ್ಟೆಗೆ ಬರುವ ಹೆಣ್ಣು ಹೊರಗಿನ ಊರಿನದೇ ಆಗಬೇಕೆಂಬುದು ಪದ್ಧತಿ. ಅತ್ತೆ ಆರಿಸಿದ್ದು ತಾನು ಬಿಟ್ಟು ಬಂದ ಮನೆಯ ಹಿತ್ತಿಲ ಬೇವನ್ನು. ನನ್ನನ್ನೂ ಕರೆದುಕೊಂಡು ಹೋದಳು.

ಅಲ್ಲಿ ದೊಡ್ಡ ಮರದ ಕೆಳಗೆ ಬೀಜ ಬಿದ್ದು ಎದ್ದ ಸಸಿಗಳು ಬೇಕಾದಷ್ಟಿದ್ದವು. ಅತ್ತೆಯ ಓರಗಿತ್ತಿ ಕಾಫಿ ಕೊಟ್ಟು ನಕ್ಕಳು. "ಕಾಲಿಗೆ ತೊಡರೋ ಗಿಡಕ್ಕೆ ಇಷ್ಟು ದೂರ ಬಂದ್ಬುಟ್ಯಾ ಅಕ್ಕ? ನಿಮ್ಮೂರಾಗೆ ಬೇವಿಗೂ ಬರ ಬಂತಾ?"

"ಈ ಮನೆಯಿಂದ ನಾನೇನೂ ತಗೊಂಡೋಗಿರ್ಲಿಲ್ಲ," ಅಂದಳು ಅತ್ತೆ. "ಇದೊಂದು ತಗೊಂಡು ಹೋಯ್ತೀನಿ."

ಬಸ್ಸು ರೊದ್ದಂ ದಾಟಿದರೂ ಡಬ್ಬ ಅವಳ ತೊಡೆಯ ಮೇಲೇ ಇತ್ತು. ನಿಂತವರಿಗೆ ಎಲೆ ತಾಗುತ್ತಿತ್ತು. ಕೆಳಗಿಡು ಎಂದು ಕಂಡಕ್ಟರ್ ತೆಲುಗಿನಲ್ಲಿ ಗದರಿದ.

"ಪೆಳ್ಳಿಕೂತುರು ನಾಯನಾ," ಅಂದಳು ಅತ್ತೆ. ಮದುವಣಗಿತ್ತಿಯನ್ನು ಕೆಳಗೆ ಕೂರಿಸುತ್ತಾರೆಯೇ?

"ಐತೇ ಟಿಕೆಟ್ ತೀಸ್ಕೋಮ್ಮಾ," ಎಂದ ಅವನು, ಹಾಗಾದರೆ ಅವಳಿಗೂ ಟಿಕೆಟ್ ತಗೋ ಎಂದು. ಸುತ್ತಲಿನವರೆಲ್ಲ ನಕ್ಕರು. ಅತ್ತೆ ಡಬ್ಬ ಇಳಿಸಲಿಲ್ಲ.

ಮದುವೆಯ ಬೆಳಿಗ್ಗೆ ದೊಡ್ಡಪ್ಪ ಮೆಲ್ಲಗೆ ಹೇಳಿದರು: "ತಾಳಿ ಕಟ್ಟೋ ಹೊತ್ತಿಗೆ ನೀನು ಕಟ್ಟೆ ಇಳಿದು ಆ ಕಡೆ ನಿಂತ್ಕೋಮ್ಮ. ಗೊತ್ತಲ್ಲ."

"ಬೇರು ಮುಚ್ಚಿ ಇಳೀತೀನಣ್ಣ."

ಹಳೆಯ ಬುಡವಿದ್ದ ಜಾಗದಲ್ಲೇ ಹಿಂದಿನ ದಿನ ಹಾರೆ ಹಾಕಿಸಿ ಸಿಮೆಂಟು ಒಡೆಸಿದ್ದಳು. ಸಸಿಯನ್ನು ಗುಂಡಿಯಲ್ಲಿ ನಿಲ್ಲಿಸಿ, ಕೊಳೆತ ಬೇವಿನ ಪುಡಿಯನ್ನು ಕೆರೆಮಣ್ಣಿಗೆ ಬೆರೆಸಿ ಹಿಡಿಹಿಡಿಯಾಗಿ ತುಂಬತೊಡಗಿದಳು. ಪೂಜಾರಿ ಅರಿಸಿನದ ಕೊಂಬು ಕಟ್ಟಿದ ದಾರ ಹಿಡಿದು ನಿಂತರು.

"ಆಯ್ತೇನಮ್ಮಾ?"

"ಇನ್ನೊಂಚೂರು. ಗಾಳಿ ಉಳಿದ್ರೆ ಬೇರು ಸಾಯ್ತದೆ."

ಒತ್ತಿದಳು, ಮತ್ತೆ ಸಡಿಲಿಸಿದಳು, ಒಂದು ಕಲ್ಲು ಹೆಕ್ಕಿ ಎಸೆದಳು. ದೊಡ್ಡಪ್ಪ ಕೆಮ್ಮಿದರು. ಅವಳು ತಲೆ ಎತ್ತಲಿಲ್ಲ. ಮುಹೂರ್ತ ಜಾರುತ್ತಿತ್ತು. ಕೊನೆಗೆ, "ಕಟ್ಟಿ ಸ್ವಾಮಿ, ಆಗ್ಲಿ," ಎಂದು ದೊಡ್ಡಪ್ಪನೇ ಅಂದರು. ತಾಳಿ ಕಟ್ಟುವಾಗ ಸಸಿಯನ್ನು ನೆಟ್ಟಗೆ ಹಿಡಿದಿದ್ದದ್ದು ಅತ್ತೆಯ ಎರಡು ಕೈಗಳು. ಅದಾದ ಮೇಲೆ ಉಳಿದ ಒಂದು ಹಿಡಿ ಮಣ್ಣು ಹಾಕಿ, ಮಂಡಿ ಊರಿ ಎದ್ದು, ಕಟ್ಟೆ ಇಳಿದಳು.

ಕೊಳೆತ ಮರ ನೀರು ಹಿಡಿದಿಟ್ಟುಕೊಳ್ಳುತ್ತದೆ, ಎಳೆ ಬೇರಿಗೆ ಆಹಾರವಾಗುತ್ತದೆ ಎಂದು ತರಗತಿಯಲ್ಲಿ ಹೇಳುತ್ತೇನೆ. ಅತ್ತೆಗೆ ಬೇಕಾಗಿದ್ದದ್ದು ಆ ಸಾರವೋ, ಕಟ್ಟೆಯ ಮೇಲೆ ಇನ್ನಷ್ಟು ಹೊತ್ತೋ? ಎರಡೂ ಇದ್ದಿರಬಹುದು. ಹಾಗೆ ನಂಬಲು ನನಗೆ ಇಷ್ಟ, ಆದ್ದರಿಂದಲೇ ಅನುಮಾನ.

ಬೇವು ಈಗ ಅರಳಿಯ ಕೊಂಬೆ ಮುಟ್ಟಿದೆ. ಆ ದಿನ ಊಟಕ್ಕೆ ಕೂತಾಗ ದೊಡ್ಡಪ್ಪನನ್ನು ಒಂದು ಮಾತು ಕೇಳಿದ್ದೆ. "ಅನ್ನ ಆರ್ತದೆ, ಉಣ್ಣು," ಎಂದಿದ್ದರು. ಊರಿಗೆ ಹೋದಾಗಲೆಲ್ಲ ಮತ್ತೆ ಕೇಳುತ್ತೇನೆ, ಅತ್ತೆಗೆ ಕೇಳಿಸುವ ಹಾಗೆಯೇ ಕೇಳುತ್ತೇನೆ. ನಾನು ಬಿಡುವವಳಲ್ಲ.

"ದೊಡ್ಡಪ್ಪ, ಬೇವು ಸತ್ತಿದ್ದಕ್ಕೆ ಅರಳಿಗೆ ಇನ್ನೊಂದು ಮದುವೆ ಮಾಡಿದ್ರಿ. ಅರಳಿ ಸತ್ತು ಬೇವು ಉಳಿದಿದ್ರೆ?"