ಬಂದಿಲ್ಲವೆಂದ ಆರು ಅಂಕಿ

ಹೈದರಾಬಾದಿಗೆ ಬಂದ ಮರುದಿನವೇ ನಾನು ನಾವು ಕೋಣೆ ಹಿಡಿದಿದ್ದ ಕಟ್ಟಡದೊಳಗೇ ದಾರಿ ತಪ್ಪಿದೆ. ಕಸ ಚೆಲ್ಲಿ ಮೇಲೆ ಬಂದರೆ ಎಲ್ಲ ಬಾಗಿಲುಗಳೂ ಒಂದೇ ಬಣ್ಣ. ನಾಲ್ಕು ಬಾಗಿಲು ಬಡಿದೆ. ಪ್ರತಿಯೊಂದೂ ಒಳಗಿನ ಸರಪಳಿ ಬಿಟ್ಟಷ್ಟೇ ತೆರೆದು, ಒಂದು ಕಣ್ಣು ನನ್ನನ್ನು ನೋಡಿ, ಮುಚ್ಚಿಕೊಂಡಿತು. ನಮ್ಮ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ತಪ್ಪಿ ಬೇರೆ ಮನೆ ಹೊಕ್ಕರೂ ಚಹಾ ಕುಡಿಸಿಯೇ ಕಳಿಸುತ್ತಾರೆ. ನನಗೆ ಮೊದಲೇ ನಾಚಿಕೆ, ಮೇಲಾಗಿ ತೆಲುಗು ಬಾರದು. ಸಂಜೆ ನಿಮ್ಮ ಅಕ್ಕ ಅಂಬಿಕಾ ಕಾಲೇಜಿನಿಂದ ಬರುವ ತನಕ ಮೆಟ್ಟಿಲ ಮೇಲೆ ಕುಳಿತಿದ್ದೆ. ಅಲ್ಲಿ ಹಾಸಿದ್ದು ನಮ್ಮ ಶಹಾಬಾದಿನ ಕಲ್ಲು. ಆ ಕಟ್ಟಡದಲ್ಲಿ ನನಗೆ ಗುರುತಿದ್ದದ್ದು ಅದೊಂದೇ.

ಮೊಮ್ಮಕ್ಕಳೇ, ನಿಮ್ಮ ಆಯಿ ಪರ ಊರಿನಲ್ಲಿ ಹೇಗಿದ್ದಾಳೆ ಎಂದು ನೀವಿಬ್ಬರೂ ಕೇಳಿದಿರಂತೆ. ಬರೆಯುತ್ತೇನೆ. ನಿಮ್ಮ ಅವ್ವ ಓದಿದರೂ ಓದಲಿ.

ಮೊದಲ ತಿಂಗಳು ಬರೀ ಅನ್ನ ತಿಂದು ಸಾಕಾಯಿತು. ಇಲ್ಲಿ ಜೋಳಕ್ಕೆ ಜೊನ್ನಲು ಎನ್ನುತ್ತಾರೆ. ಆ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಮೂರು ಓಣಿ ನಡೆದು ಗಿರಣಿ ಹುಡುಕಿದೆ. ಗಿರಣಿಯ ಸಾಹೇಬರದು ದಖನಿ ಉರ್ದು, ನಮ್ಮ ಶಹಾಬಾದ ಬಜಾರಿನ ಮಾತೇ. ಹಿಟ್ಟು ತಂದು ರೊಟ್ಟಿ ಬಡಿದ ದಿನ, ನನ್ನ ಯಜಮಾನರು, ನಿಮ್ಮ ಮುತ್ಯಾ, ತೀರಿಹೋದ ಮೇಲೆ ಮೊದಲ ಸಲ, ಒಲೆ ನನ್ನದು ಎನ್ನಿಸಿತು. ವಾಡಿಯಲ್ಲಿ ನಾನು ರೊಟ್ಟಿ ಬಡಿಯುವಾಗ ನಿಮ್ಮ ಅವ್ವ ಬಾಗಿಲಲ್ಲಿ ನಿಂತು, “ಅತ್ತೀರಿ, ಮುಂಜಾನಿ ಗಾಡಿ ಹೈದ್ರಾಬಾದ ಮುಟ್ಟೇದ, ನಿಮ್ಮ ಮೊದಲ್ನೇ ರೊಟ್ಟಿ ಇನ್ನಾ ಹಂಚಿಗಿ ಬಿದ್ದಿಲ್ಲ,” ಎನ್ನುತ್ತಿದ್ದಳು. ನೀವು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ.

ಇಲ್ಲಿಯ ಸುಖ ನಾನು ಕದ್ದದ್ದು.

ಅಂಬಿಕಾಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಬೆಂಗಳೂರಿನ ಆಚೆಯ ದೊಡ್ಡ ಹೆಸರಿನ ವಿಶ್ವವಿದ್ಯಾಲಯ. ಫೀಸು ಕೇಳಿ ನಿಮ್ಮ ಅಪ್ಪ ನಿಂತಲ್ಲೇ ಕುಳಿತ. ಆದರೂ ನಮ್ಮೂರು ತೆಂಗಳಿಯ ಹೊಲ ಮಾರಲು ಒಪ್ಪಿದ್ದ, ನಾನೂ ಸಹಿ ಹಾಕುತ್ತೇನೆಂದಿದ್ದೆ. ಅಲ್ಲಿ ಹುಡುಗಿಯರು ಹಾಸ್ಟೆಲಿನಲ್ಲೇ ಇರಬೇಕು. ಇನ್ನೊಂದು ಹೈದರಾಬಾದಿನ ಸರ್ಕಾರಿ ವಿಶ್ವವಿದ್ಯಾಲಯ. ಫೀಸು ಕಡಿಮೆ, ಆದರೆ ಹೊಸಬರಿಗೆ ಹಾಸ್ಟೆಲ್ ಇಲ್ಲ. ಕೋಣೆ ಹಿಡಿಯಬೇಕು, ಜೊತೆಗೆ ಒಬ್ಬರಿರಬೇಕು.

“ಅಲ್ಲಿಗಿ ಹೋದ್ರ ನೀ ಬರಬೇಕಾಗ್ತದ ನೋಡು ಆಯಿ, ರೊಟ್ಟಿ ಬಡಿಲಿಕ್ಕ,” ಎಂದು ಅವಳು ತಮಾಷೆ ಮಾಡಿದಳು. ಮಾಡಿ ಮರೆತಳು. ನಾನು ಮರೆಯಲಿಲ್ಲ.

ದೊಡ್ಡ ಸೀಟು ಖಾತ್ರಿ ಮಾಡುವ ಕೊನೆಯ ದಿನ ವಾಡಿಯಲ್ಲಿ ಕರೆಂಟು ಹೋಯಿತು. ಅಪ್ಪ-ಮಗಳು ಶಹಾಬಾದಿನ ನೆಟ್ ಅಂಗಡಿಗೆ ಓಡಿದರು. ನಿಮ್ಮ ಅವ್ವ ನಿಮ್ಮನ್ನು ಕರೆದುಕೊಂಡು ಚಿತ್ತಾಪುರಕ್ಕೆ ಹೋಗಿದ್ದಳು. ಅರ್ಜಿಯಲ್ಲಿ ಬರೆಸಿದ್ದು ನನ್ನ ನಂಬರು, ಅಪ್ಪ ಹಳಿಯ ಮೇಲೆ ಕೆಲಸದಲ್ಲಿದ್ದಾಗ ಫೋನು ಎತ್ತುವುದಿಲ್ಲವೆಂದು. ಗಡಿಬಿಡಿಯಲ್ಲಿ ನನ್ನ ಫೋನು ಮನೆಯಲ್ಲೇ ಉಳಿಯಿತು. ಅದಕ್ಕೆ ಬರುವ ಆರು ಅಂಕಿ ಹೇಳಿದರಷ್ಟೇ ಸೀಟು. ಅಪ್ಪನ ಫೋನಿನಿಂದ ಅಂಬಿಕಾ ಮಾತಾಡಿದಳು.

“ಆಯಿ, ಮೆಸೇಜ್ ಬಂತೇನು?”

ಬಂದಿತ್ತು. ತೆಂಗಳಿ ಸಾಲಿಯಲ್ಲಿ ಏಳನೇ ತನಕ ಕಲಿತವಳು ನಾನು, ಅಂಕಿ ಓದಲು ಬರುತ್ತದೆ.

“ಏನೂ ಬಂದಿಲ್ಲವ್ವಾ.”

“ಛಂದ ನೋಡು. ಮತ್ತೊಮ್ಮಿ ಕಳಸಾಕತ್ತೀನಿ.”

ಮತ್ತೆ ಬಂತು.

“ಇಲ್ಲವ್ವಾ, ಎಲ್ಲಾ ಹಳೀವೇ ಅವ.”

ಮೂರನೆಯ ಸಲ ಕೇಳುವಾಗ ಅಳುತ್ತಿದ್ದಳು. ನಾನು ಅದೇ ಮಾತು ಹೇಳಿದೆ. ಐದು ಗಂಟೆಗೆ ಸೀಟು ಹೋಯಿತು. ಸರ್ವರ್ ಕೆಟ್ಟಿರಬೇಕು ಎಂದನಂತೆ ಅಂಗಡಿಯವನು. ನಾನು ಫೋನು ಆರಿಸಿ ಹಿಟ್ಟಿನ ಡಬ್ಬಿಯಲ್ಲಿ ಹುಗಿದು, ಅದೂ ಕೆಟ್ಟಿದೆ ಎಂದೆ. ತೋರಿಸು ಎಂದು ಅವಳು ಕೇಳಲೂ ಇಲ್ಲ; ವಾರದ ಮೇಲೆ ಸರಿಹೋಯಿತೆಂದು ಹೊರಗೆ ತೆಗೆದೆ. ಆಯಿ ಸುಳ್ಳು ಹೇಳುತ್ತಾಳೆಂದು ಯಾರಿಗೆ ಅನ್ನಿಸೀತು?

ಹೀಗೆ ಅವಳ ಜೊತೆ ಹೈದರಾಬಾದಿಗೆ ಬಂದು, ಎರಡು ವರ್ಷ ಆ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿದು ಸುಖವಾಗಿದ್ದೆ. ಹೋದ ಮಳೆಗಾಲದಲ್ಲಿ, ಅದೇ ಫೋನು ತುಂಬಿ ನಿಧಾನವಾಗಿದೆ, ಹಳೆಯದೆಲ್ಲ ಅಳಿಸು ಎಂದು ನಾನೇ ಮೈಮರೆತು ಅವಳ ಕೈಗೆ ಕೊಟ್ಟೆ. ಅಳಿಸುತ್ತ ಅಳಿಸುತ್ತ ಅವಳ ಬೆರಳು ನಿಂತಿತು.

“ಮೂರೂ ಬಂದಾವ,” ಎಂದಳು. ಫೋನನ್ನು ನೆಲದ ಮೇಲಿಟ್ಟು ಕೇಳಿದಳು, “ಹೊಲ ಉಳಸ್ಲಿಕ್ಕ ಮಾಡ್ದೇನು?”

ಹೌದೆಂದಿದ್ದರೆ ಬಹುಶಃ ಕ್ಷಮಿಸುತ್ತಿದ್ದಳು.

“ಇಲ್ಲವ್ವಾ. ನಿನ್ನ ಜೋಡಿ ಬರಬೇಕಾಗಿತ್ತು. ಆ ಮನ್ಯಾಗ ಇರೋದು ನನ್ನ ಕೈಲಿಂದ ಆಗ್ತಿದ್ದಿಲ್ಲ.”

“ಬಂದಿಯಲ್ಲ,” ಎಂದಳು. “ಬಡಿ ರೊಟ್ಟಿ.”

ಮುಂದಿನ ವಾರ ಅವಳ ಗೆಳತಿಯರು ಊಟಕ್ಕೆ ಬಂದರು. ಒಬ್ಬಳು ನನ್ನತ್ತ ನೋಡಿ ತೆಲುಗಿನಲ್ಲಿ ಏನೋ ಕೇಳಿದಳು. “ವಂಟ ಮನಿಷಿ,” ಎಂದಳು ಅಂಬಿಕಾ. ದಖನಿಯಲ್ಲೇ ಎರಡು ವರ್ಷ ಕಳೆದವಳು ನಾನು; ತೆಲುಗು ನಡೆಯುವ ಸೇಡಂ ಕಡೆ ಹುಟ್ಟಿದ್ದರೆ ನನಗೆ ಅಲ್ಲೇ ತಿಳಿಯುತ್ತಿತ್ತು. ನನ್ನ ಕಿವಿಗೆ ಅದು ಒಂಟಿ ಮನುಷ್ಯಳು ಎಂದು ಬಿತ್ತು. ಗಂಡನಿಲ್ಲದವಳು, ಯಾರೂ ಇಲ್ಲದವಳು ಎಂದು ಮರುಗಿ ಹೇಳುತ್ತಿದ್ದಾಳೆ ಅಂದುಕೊಂಡೆ. ಅಂಬಿಕಾಳ ರೊಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಮರುದಿನ ಮನೆಯ ಒಡತಿ, ಆ ಗೆಳತಿಯರ ಬಾಯಿಂದ ಕೇಳಿದವಳು, ಬಂದು ದಖನಿಯಲ್ಲಿ ಕೇಳಿದಳು, “ಛೋರಿ ತುಮನಾ ಕಿತ್ತಾ ದೇತೀ? ಹಮಾರೆ ಘರ್ ಮೇಂ ಬೀ ಪಕಾತೇ ಕ್ಯಾ?” ಹುಡುಗಿ ನಿನಗೆ ಸಂಬಳ ಎಷ್ಟು ಕೊಡುತ್ತಾಳೆ, ನಮ್ಮ ಮನೆಯಲ್ಲೂ ಅಡುಗೆ ಮಾಡುತ್ತೀಯಾ ಎಂದು. ತೆಲುಗಿನಲ್ಲಿ ವಂಟ ಎಂದರೆ ಅಡುಗೆ.

ಮೂರನೆಯ ವರ್ಷಕ್ಕೆ ಅಂಬಿಕಾಳಿಗೆ ಹಾಸ್ಟೆಲ್ ಸಿಕ್ಕಿತು. ಚೀಲ ಕಟ್ಟುತ್ತ, “ವಾಡಿಗಿ ಹೋಗ್ತಿಯೋ ಇಲ್ಲೇ ಇರ್ತಿಯೋ, ನಿನ್ನ ಮರ್ಜಿ,” ಎಂದಳು. ವಾಡಿಗೆ ಫೋನು ಮಾಡಿದೆ. ನಿಮ್ಮ ಅವ್ವ ಎತ್ತಿದಳು.

“ಬರ್ರಿ ಅತ್ತೀರಿ, ಬರ್ರಿ. ಅಂಬು ಎಲ್ಲಾ ಹೇಳ್ಯಾಳ. ಇನ್ನ ಮ್ಯಾಲ ರೊಟ್ಟಿ ನಾನೇ ಬಡಿತೀನಿ. ನೀವು ನಡುಮನ್ಯಾಗ ಕುಂದ್ರಿ, ಬಂದವರೆಲ್ಲಾ ನಿಮ್ಮ ಮಾರಿ ನೋಡಿ ಹೋಗ್ಲಿ.”

ನಾನು ಹೋಗಲಿಲ್ಲ. ಒಡತಿಯ ಮನೆಯ ಅಡುಗೆ ಹಿಡಿದೆ. ಮಲಗಲು ನೆಲಮನೆಯಲ್ಲಿ ಒಂದು ಸಣ್ಣ ಕೋಣೆ ಕೊಟ್ಟಿದ್ದಾಳೆ. ಈ ಕಟ್ಟಡದವರಿಗೆ ನಾನು ಗುಲ್ಬರ್ಗಾದ ಅಮ್ಮ. ವಾಡಿಯವರು ಯಾರಾದರೂ ಸಿಕ್ಕರೆ, ಹೈದರಾಬಾದಿನವಳಾದಿ ಬಿಡು ಎನ್ನುತ್ತಾರೆ. ಎರಡೂ ಕಡೆಯವರು ನನ್ನನ್ನು ಆಚೆಯವರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಅಂಬಿಕಾ ತಿಂಗಳಿಗೊಮ್ಮೆ ಬರುತ್ತಾಳೆ. ಎರಡು ರೊಟ್ಟಿ ತಿನ್ನುತ್ತಾಳೆ. ಓದು ಹೇಗಿದೆ ಎಂದರೆ, “ಅಗ್ಗದ ಓದು, ಹ್ಯಾಂಗಿರ್ತದ,” ಎನ್ನುತ್ತಾಳೆ. ನಮ್ಮ ಕಡೆ ಹೊರಡುವವರು ಬರ್ತೀನಿ ಎನ್ನುತ್ತಾರೆ. ಆ ಮಾತು ಬಾಯಿಂದ ಬಾರದ್ದು ಸಾವಾದ ಮನೆಯಲ್ಲಿ ಮಾತ್ರ. ತೆಲುಗಿನವರೂ ಹಾಗೆಯೇ, ವಸ್ತಾನು, ಅಂದರೆ ಬರುತ್ತೇನೆ, ಎಂದು ಹೇಳಿ ಹೋಗುತ್ತಾರೆ. ಹಾಲು ಹಾಕುವವನು ಕೂಡ ನನಗೆ ಹಾಗೆ ಹೇಳದೆ ಮೆಟ್ಟಿಲಿಳಿಯುವುದಿಲ್ಲ. ಅಂಬಿಕಾ ಚಪ್ಪಲಿ ಮೆಟ್ಟಿಕೊಂಡು, ನನ್ನ ಮುಖ ನೋಡಿ, ನಮ್ಮ ಮಾತಿನಲ್ಲೇ ಪ್ರತಿ ಸಲವೂ, “ಹೋಗ್ತೀನಿ,” ಎನ್ನುತ್ತಾಳೆ.