ಒಂದೇ ಸಲ ಕೂಗುವ ಮೀನಿನವಳು

ನಮ್ಮ ಮೀನಿನವಳ ಗಾಜಿನ ಬಳೆಗಳ ಮೇಲೆ ಯಾವಾಗ ನೋಡಿದರೂ ಮೀನಿನ ಹುರುಪೆ ಅಂಟಿಕೊಂಡು ಒಣಗಿರುತ್ತಿತ್ತು. ಬಿಸಿಲಿಗೆ ಬಳೆಗಿಂತ ಅದೇ ಹೆಚ್ಚು ಹೊಳೆಯುತ್ತಿತ್ತು. ಕೋಡಿಯ ಕಡಲ ದಡದಿಂದ ನಮ್ಮೂರು ಬೀಜಾಡಿಗೆ ಬುಟ್ಟಿ ಹೊತ್ತು ಬರುವಳು. ಪ್ರತಿ ಗೇಟಿನೆದುರು "ಹ್ವಾಯ್, ಮೀನ್!" ಎಂದು ಒಂದೇ ಸಲ ಕೂಗಿ ಮುಂದೆ ನಡೆಯುವಳು. ನಿಲ್ಲುವುದಿಲ್ಲ, ತಿರುಗಿ ನೋಡುವುದೂ ಇಲ್ಲ. ಪಾತ್ರೆ ಹಿಡಿದು ನಾವೇ ಹಿಂದೆ ಓಡಬೇಕು.

"ಒಂದ್ ಗಳ್ಗಿ ನಿಂತ್ರೆ ನಿನ್ ಗಂಟ್ ಹೋತ್ತಾ?" ಎಂದು ಬೈದರೆ, "ಕೂಗೂದ್ ನನ್ ಕೆಲ್ಸ ಅಕ್ಕ. ಬಪ್ಪುದ್ ನಿಮ್ ಕೆಲ್ಸ" ಎನ್ನುವಳು. ಒಳ್ಳೆಯವಳೆಂದು ಹೊಗಳಲಾರೆ. ನಿನ್ನೆಯ ಬೂತಾಯಿ ಮೀನನ್ನು ಇವತ್ತಿನದೆಂದು ದಾಟಿಸಿದ್ದು ಬೇಕಾದಷ್ಟಿದೆ.

ಹೋದ ವರ್ಷ ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ಕೋಣೆ ಹಿಡಿದಳು. ತಾನು ಹಾಡಿದ್ದನ್ನು ಫೋನಿನಲ್ಲಿ ಹಾಕುವುದು, ಯಾರು ನೋಡಿದರು, ಯಾರು ನೋಡಿಯೂ ಸುಮ್ಮನಿದ್ದರು ಎಂದು ಇಣುಕುವುದು, ಕಡೆಗೆ ಅಳಿಸಿ ಅಳುವುದು. ಎದೆ ಡವಡವ, ಊಟ ಸೇರದು, ಕಾಲೇಜು ಬೇಡ. ಸಿಟ್ಟು ಬಂದು, ಫೋನು ಬಾವಿಗೆ ಹಾಕಲು ಅಂಗಳಕ್ಕಿಳಿದೆ. ಗೇಟಿನಲ್ಲಿ ಮೀನಿನವಳು. ಅವತ್ತು ನಿಂತಳು. ಬುಟ್ಟಿ ಇಳಿಸಿ ವಿಷಯ ಕೇಳಿದಳು.

"ಬಾವಿಗ್ ಹಾಕಿ ಎಂತ ಸಿಕ್ಕತ್ತ್? ನನ್ ಮಗ್ಳೂ ದಿನ ಇಡೀ ಅದನ್ನೇ ಒತ್ತತ್ತ್, ರಾತ್ರಿ ಬಾಯಿ ಬಿಟ್ಕಂಡ್ ನಿದ್ದಿ ಮಾಡತ್ತ್. ನಿಮ್ ಹೆಣ್ಣ್ ಸಣ್ಣ್ ಪ್ರಾಯದಲ್ಲೂ ಬಾಗ್ಲ ಹಿಂದೆ ನಿಂತೇ ಮೀನ್ ನೋಡ್ತಿತ್ತ್. ಹೆದ್ರಿಕಿ ಮೊದ್ಲೇ ಇತ್ತ್, ಫೋನ್ ಕಡಿಕ್ ಬಂದದ್ದ್. ಡಾಕ್ಟ್ರಿಗ್ ತೋರ್ಸಿ."

"ಹುಚ್ಚ್ ಅಂತ ಊರವ್ರ್ ಆಡ್ಕಂಡ್ರೆ?" ಎಂದೆ.

"ಮನೆ ಮನೆಗೆ ಹೋಪುದ್ ನಾನ್. ಯಾರ್ ಮನೆಲ್ ಎಂತೆಂತ ಇತ್ತ್ ಹೇಳ್ಲಾ?"

ಕುಂದಾಪುರದಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿದೆವು. ಕೆಲವು ತಿಂಗಳು ಹಿಡಿಯಿತು. ಈಗ ಉಣ್ಣುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ. ಅಂಜುವ ಸ್ವಭಾವ ಪೂರ್ತಿ ಹೋಗಿಲ್ಲ. ಹೋಗದಿದ್ದರೆ ಬೇಡ, ಅದನ್ನಿಟ್ಟುಕೊಂಡೇ ಬದುಕಲಿ.

ಈ ವರ್ಷ ಮೀನಿನವಳ ಮೊಣಕಾಲು ಕೈಕೊಟ್ಟಿತು. ಮಗಳೇ ಸ್ಕೂಟರಿನಲ್ಲಿ ಮೀನು ತರುತ್ತಾಳೆ. ಅವರಿಗೆ ವಾಟ್ಸಾಪ್ ಗ್ರೂಪ್ ಮಾಡಿಕೊಟ್ಟವಳು ನನ್ನ ಮೊಮ್ಮಗಳು. ಕೋಡಿಯಿಂದ ಆ ಮಗಳು ಕಳಿಸಿದ ಮೀನಿನ ಫೋಟೋ ಅದಕ್ಕೆ ಹಾಕುವುದೂ ಇವಳೇ. ನಿನ್ನೆ ಬೆಳಿಗ್ಗೆ "ಹ್ವಾಯ್, ಬಂಗುಡೆ ಬಂತ್" ಎಂದು ಬರೆದು, ಫೋನನ್ನು ಚೀಲಕ್ಕೆ ತುರುಕಿ ಬಸ್ಸಿಗೆ ಹೊರಟಳು.

"ಯಾರ್ ಕಂಡ್ರ್ ಅಂತ ನೋಡುದಿಲ್ಯಾ?" ಎಂದು ಗೇಟಿನ ತನಕ ಹಿಂದೆ ಹೋಗಿ ಕೇಳಿದೆ.

"ಬಪ್ಪುದ್ ಅವ್ರ್ ಕೆಲ್ಸ, ಅಮ್ಮಮ್ಮ."

ಮೀನಿನವಳು ದಾಟಿಸಿದ ಹಳೇ ಬೂತಾಯಿಯನ್ನೆಲ್ಲ ಅಲ್ಲೇ, ಗೇಟಿನಲ್ಲೇ ಮನ್ನಿಸಿಬಿಟ್ಟೆ.