ನಾನೂರರ ಓಟ ಹಿಡಿಸುವ ಯಾಕೂಬರು

ಬೆಳಗಿನ ಐದೂವರೆ. ಮಹಾರಾಷ್ಟ್ರದ ಗಡಿಯ ಜತ್ತ ಪೇಟೆ ಇನ್ನೂ ಆಕಳಿಸುತ್ತಿದೆ. ನಮಾಜು ಮುಗಿಸಿ ಬಂದ ಯಾಕೂಬರು ತಮ್ಮ ಪುಟ್ಟ ಅಂಗಡಿಯ ಶಟರ್ ಎತ್ತಿ, ಬಿಚ್ಚಿಟ್ಟ ಕಂಪ್ಯೂಟರಿನೊಳಗೆ ಆಗಲೇ ತಲೆ ಹಾಕಿದ್ದಾರೆ. ಏಳೂವರೆಗೆ ಲೋಡ್‌ಶೆಡ್ಡಿಂಗ್. ಹೋದ ಕರೆಂಟು ಮಧ್ಯಾಹ್ನದವರೆಗೆ ಮುಖ ತೋರಿಸುವುದಿಲ್ಲ. “ಬರ್ರಿ, ಕುಂದ್ರಿ. ಮಾತು ಆಮ್ಯಾಲ,” ಎನ್ನುತ್ತಾರೆ ತಲೆ ಎತ್ತದೆ.

ಅವರ ಕೈಯಲ್ಲಿರುವುದು ಮೆಮರಿ ಪಟ್ಟಿ, ಅಂದರೆ ಕಂಪ್ಯೂಟರಿನ ರ‍್ಯಾಮ್. ಹಸಿರು ಬಣ್ಣ, ತಳದಲ್ಲಿ ಬಂಗಾರದಂಥ ಸಣ್ಣ ಹಲ್ಲುಗಳ ಸಾಲು. ಅದರ ಮೇಲೆ ವೇಗ ನಾನೂರು ಮೆಗಾಹರ್ಟ್ಸ್ ಎಂದು ಬರೆದಿದೆ, ಮಷಿನ್ ಮಾತ್ರ ಮುನ್ನೂರ ಮೂವತ್ತಮೂರು ಎನ್ನುತ್ತಿದೆ. ‘ನಡೀತದಲ್ಲ, ಸಾಕು ಬಿಡು’ ಎಂದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಯಾಕೂಬರು ಹಾಗೆ ಬಿಡುವ ಆಸಾಮಿಯಲ್ಲ.

ಹತ್ತನೇ ಇಯತ್ತೆಯವರೆಗೆ ಕನ್ನಡ ಸಾಲಿ, ಆಮೇಲೆ ಮಿರಜಿನಲ್ಲಿ ರೇಡಿಯೊ ರಿಪೇರಿ. ಮೊದಲ ಕಂಪ್ಯೂಟರ್ ಬಿಚ್ಚಿದ್ದು ತೊಂಬತ್ತಾರರಲ್ಲಿ. ಈಗ ದಿನಕ್ಕೆ ಮೂರೋ ನಾಲ್ಕೋ ಮಷಿನ್. ಕರಜಗಿ, ಬೆಳುಂಕಿ ಎಂದು ಹಳೆಯ ಲೂನಾದ ಮೇಲೆ ಊರೂರು ಸುತ್ತಾಟ ಬೇರೆ. “ಹೊಸ ಎತ್ತಿನ ಜೋಡಿ ಹಳೀ ಎತ್ತು ಹೂಡಿದ್ರ ಹಳೀ ಎತ್ತಿನ ನಡಿಗೀನ ಗತಿ. ಪಟ್ಟಿದೂ ಹಂಗ. ಮೊದಲ ಜೋಡಿ ನೋಡಬೇಕು, ಆಮ್ಯಾಲ ಬೋರ್ಡ್ ನೋಡಬೇಕು. ಹತ್ತರಾಗ ಏಳಕ್ಕ ಬರೀ ಹೊಲಸರಿ,” ಎಂದು ನಗುತ್ತಾರೆ.

ಹೋದ ವರ್ಷ ದಸರೆ ಮುಗಿದ ವಾರ ಸನಮಡಿಯ ಉಮಾಶ್ರೀ ಅಳುವ ದನಿಯಲ್ಲಿ ಫೋನು ಮಾಡಿದ್ದಳು. ಇಪ್ಪತ್ತೆರಡು ಕನ್ನಡ ಸಾಲಿಗಳ ಸಹಾಮಾಹಿ, ಅಂದರೆ ಅರ್ಧವಾರ್ಷಿಕ, ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಿ ಛಾಪಿಸುವ ಕೆಲಸ ಮೊದಲ ಸಲ ಅವಳಿಗೆ ಸಿಕ್ಕಿತ್ತು. ಅದಕ್ಕೆಂದೇ ನಾನೂರರ ಹೊಸ ಪಟ್ಟಿ ತಂದಿದ್ದಳು. ನಾನೂರಕ್ಕೆ ಏರಿಸಿದರೆ ಮಷಿನ್ ಗಪ್. ಮುನ್ನೂರ ಮೂವತ್ತಮೂರಕ್ಕೆ ಇಳಿಸಿದರೂ ಗಂಟೆಗೊಮ್ಮೆ ನಿಂತು, ಟೈಪು ಮಾಡಿದ್ದೆಲ್ಲ ಮಂಗಮಾಯ. ಅಂದು ಶನಿವಾರ, ಸೋಮವಾರ ಪರೀಕ್ಷೆ. ಕೆಲಸ ಕೆಟ್ಟರೆ ‘ಹುಡುಗಿ ಕೈಲೆ ಏನ್ ಆಗ್ತದ’ ಎಂದವರ ಮಾತೇ ಖರೆಯಾಗುತ್ತಿತ್ತು.

ಯಾಕೂಬರು ಹೋಗಿ ನೋಡಿದರು. ಪಟ್ಟಿ ಒಂದೇ ಇತ್ತು, ಬೋರ್ಡೂ ನಾನೂರಕ್ಕೆ ತಕ್ಕದ್ದೇ. ಪಟ್ಟಿ ಕಿತ್ತು ಬೆಳಕಿಗೆ ಹಿಡಿದರೆ, ಬಂಗಾರದ ಹಲ್ಲುಗಳ ಮೇಲೆ ಒಣಗಿದ ಬಿಳಿ ಗೆರೆ. ಬೂದಿ!

“ದಸರೀಗೆ ಮಷಿನ್ನಿಗಿ ಖಂಡೇಪೂಜಿ ಯಾರ ಮಾಡಿದ್ರಿ?” ಎಂದು ಮೆಲ್ಲಗೆ ಕೇಳಿದರು.

ಉಮಾಶ್ರೀಯ ತಂದೆ ಶಿವಯೋಗೆಪ್ಪ ಹೆಮ್ಮೆಯಿಂದ ಮುಂದೆ ಬಂದರು. “ನಾನರಿ. ಕುಡಗೋಲು, ನೇಗಿಲು ಆದ ಮ್ಯಾಲ ಡಬ್ಬಿ ಬಿಚ್ಚಿ, ಹೊಸ ಪಟ್ಟಿ ತಗದು ಮೂರ ಗೆರಿ ವಿಭೂತಿ ಹಚ್ಚೀನಿ. ಹೊಟ್ಟಿ ತುಂಬಸೂ ಸಾಮಾನು ಅಲ್ಲೇನ್ರಿ?”

ಮಗಳ ಮುಖ ಕಪ್ಪಿಟ್ಟಿತು. ಮುದುಕನಿಗೂ ಹೊಳೆಯಿತು. ದೇವರ ಪ್ರಸಾದವೇ ಮಗಳ ಅನ್ನಕ್ಕೆ ಅಡ್ಡ ಬಂತೆಂದು ಪರಧರ್ಮದವನೊಬ್ಬ ಹೇಗೆ ಹೇಳಬೇಕು? ನಮ್ಮ ಯಾಕೂಬರ ದೊಡ್ಡತನ ನೋಡಿ. “ಪೂಜಿ ಚಲೋನ ಆಗೇದ ಕಾಕಾ. ಆದ್ರ ವಿಭೂತಿ ಹಣಿಗಿ ಹಚ್ಚತಾರ, ಹಲ್ಲಿಗಿ ಯಾರ ಹಚ್ಚತಾರ್ರಿ?” ಎಂದರು. ಶಿವಯೋಗೆಪ್ಪ ಬೊಚ್ಚುಬಾಯಿ ತೆರೆದು ನಕ್ಕರು. ನೋಡನೋಡುತ್ತ ಉಮಾಶ್ರೀಯೂ ನಕ್ಕಳು.

ಮಕ್ಕಳು ಬಳಸುವ ರಬ್ಬರಿನಿಂದ ಹಲ್ಲು ತಿಕ್ಕಿ, ಒಣ ಬ್ರಶ್ಶಿನಿಂದ ಗೂಡು ಝಾಡಿಸಿ, ಪಟ್ಟಿ ಕೂರಿಸಿ, ನಾನೂರಕ್ಕೆ ಏರಿಸಿದರು. ಮಷಿನ್ ಓಡಿತು, ಆದರೂ ಅವರು ಕೂತಲ್ಲಿಂದ ಏಳಲಿಲ್ಲ. ಕರೆಂಟು ಇದ್ದಷ್ಟು ಹೊತ್ತು ಮೆಮರಿ ಪರೀಕ್ಷೆ ಓಡಿಸಿ, ಮೂರು ಸುತ್ತು ತಪ್ಪಿಲ್ಲದೆ ಮುಗಿದ ಮೇಲೆಯೇ ಚಹಾ ಮುಟ್ಟಿದರು. ಭಾನುವಾರ ಸಂಜೆಗೆ ಇಪ್ಪತ್ತೆರಡೂ ಗಂಟುಗಳು ಸಾಲಿ ಸೇರಿದವು.

ಇಷ್ಟು ಮಾಡಿದವರಿಗೆ ಯಾರಾದರೂ ಶಾಬಾಸ್ ಅಂದರೇ ಎಂದು ಕೇಳಿದೆ. ಯಾಕೂಬರು ಕಿವಿ ಕೆರೆದುಕೊಂಡರು.

“ನನ್ನ ಮಗಳು ಆರಜೂ ನಾಕನೇ ಇಯತ್ತೆದಾಗ ಅದಾಳ್ರಿ. ಅದೇ ಪೇಪರ್ ಬರದು ಬಂದಾಕಿ ಚೀಲ ಒಗದು, ‘ಅಬ್ಬಾಜಾನ್, ಗಣಿತ ಭಾಳ ಕಠಿಣ ತಗದಾರ. ಛಾಪಿಸೂ ಮಷಿನ್ನರ ಕೆಡಬಾರದಿತ್ತಾ?’ ಅಂತ ಅತ್ಲು. ಕೆಟ್ಟಿದ್ದನ್ನ ರಿಪೇರಿ ಮಾಡಿದಾಂವ ನಾನ ಅಂತ ಹೇಳಲಿಲ್ರಿ. ಒಳಗ ಮಾತ್ರ ಭಾಳ ಖುಷಿ ಆತು.”